ಆ ಒಂದು ಗಂಟೆಯ ಹಿಂದೆ ನಿಂತವರು

ಮಾರ್ಚ್ 4, ಮಂಗಳವಾರ

ಮೊಮ್ಮಗಳು ಗುಬ್ಬಿಯ ವಿಷಯ ಮೊದಲು ಹೇಳಿದವರು ನಮ್ಮ ಬೀಗಿತ್ತಿ. ಎರಡು ವರ್ಷದ ಹಿಂದೆ, ಮಗುವಿಗೆ ಮೂರು ತುಂಬಿದ ವಾರ, ನಮ್ಮ ಅಡುಗೆಮನೆಯ ಬಾಗಿಲಿಗೆ ಒರಗಿ ತಟ್ಟೆ ಒರೆಸುತ್ತಾ, "ಬೇಜಾರು ಮಾಡ್ಕೋಬೇಡಿ, ಮಗು ಹೆಸರು ಹಿಡಿದು ಕರೆದ್ರೂ ತಿರುಗೋದಿಲ್ಲ" ಅಂದರು.

ನಾನು ಬೇಜಾರು ಮಾಡಿಕೊಳ್ಳಲಿಲ್ಲ. "ನಿಮ್ಮ ಮಗನೂ ತಿರುಗೋದಿಲ್ಲ" ಅಂದೆ.

ಬೀಗಿತ್ತಿ ಆಮೇಲೆ ಬಹಳ ಕಾಲ ನಮ್ಮ ಕಡೆ ತಲೆ ಹಾಕಲಿಲ್ಲ. ಅಷ್ಟರಲ್ಲಿ ಮಗಳು ಮಗುವನ್ನು ಎತ್ತಿಕೊಂಡು ಆಸ್ಪತ್ರೆಗಳನ್ನು ಸುತ್ತಿ ಬಂದಳು. ಡಾಕ್ಟರು ಹೇಳಿದ್ದೂ ಬೀಗಿತ್ತಿ ಹೇಳಿದ್ದನ್ನೇ, ಒಂದು ಉದ್ದದ ಹೆಸರು ಸೇರಿಸಿ.

ಈ ಪುಸ್ತಕ ಯಾಕೆಂದರೆ, ಮಗಳು ನನ್ನ ಬಾಯಿಗೆ ಬೀಗ ಹಾಕಿದ್ದಾಳೆ. "ಅಪ್ಪ, ಗುಬ್ಬಿ ಬಗ್ಗೆ ನಿನಗೆ ಏನೇನು ಅನ್ಸುತ್ತೋ ಎಲ್ಲಾ ಬರೆದಿಟ್ಕೋ. ನನಗೆ ಹೇಳ್ಬೇಡ. ನನಗೆ ಸಾಕಾಗಿದೆ."

ಸರಿ, ಬರೆಯುತ್ತೇನೆ. ನನಗೆ ಅನ್ನಿಸುವುದು: ಮಗು ಚೆನ್ನಾಗಿದೆ. ನಮ್ಮ ಕಡೆಯವರೆಲ್ಲ ನಿಧಾನ. ನನ್ನ ಚಿಕ್ಕಪ್ಪ ಐದು ವರ್ಷದವರೆಗೆ ಬಾಯಿ ಬಿಡಲಿಲ್ಲ. ಬಿಟ್ಟ ಮೇಲೆ ಊರವರು ಅವನನ್ನು ಕಂಡರೆ ದಾರಿ ಬದಲಿಸುತ್ತಿದ್ದರು.

ಮಾರ್ಚ್ 7, ಶುಕ್ರವಾರ

ಮಗಳಿಗೆ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಅಳಿಯ ಲಾರಿ ಓಡಿಸುತ್ತಾನೆ, ಮನೆಗೆ ನೆಂಟನ ಹಾಗೆ ಬರುತ್ತಾನೆ. ನನ್ನದು ಫೋಟೋ ಸ್ಟುಡಿಯೋ. ಈಗೀಗ ಪಾಸ್‌ಪೋರ್ಟ್ ಸೈಜಿನವರು ಬಿಟ್ಟರೆ ಆ ಮೆಟ್ಟಿಲು ಹತ್ತುವವರು ಕಮ್ಮಿ. ಆದ್ದರಿಂದ ಮಂಗಳವಾರ, ಶುಕ್ರವಾರ ಗುಬ್ಬಿಯನ್ನು ಇಂಥ ಮಕ್ಕಳಿಗೆ ಕಲಿಸುವ ಕೇಂದ್ರಕ್ಕೆ ಕರೆದುಕೊಂಡು ಹೋಗುವುದು ನನ್ನ ಪಾಲಿಗೆ ಬಂದಿದೆ.

ಕೇಂದ್ರದಲ್ಲಿ ಒಂದು ಕೋಣೆ, ಕೋಣೆಗೆ ಗಾಜಿನ ಕಿಟಕಿ, ಹೊರಗೆ ನಮ್ಮಂಥವರಿಗೆ ಬೆಂಚು. ಒಳಗೆ ಟೀಚರ್ ನೆಲದ ಮೇಲೆ ಕೂತು ಒಂದು ಬಟ್ಟಲಿನಿಂದ ಇನ್ನೊಂದಕ್ಕೆ ಕಾಳು ಸುರಿದರು. ಕಾದರು. ಗುಬ್ಬಿ ಗೋಡೆ ನೋಡಿದಳು. ಮತ್ತೆ ಸುರಿದರು. ಮತ್ತೆ ಕಾದರು. ಗುಬ್ಬಿ ಗೋಡೆಯ ಇನ್ನೊಂದು ಜಾಗ ನೋಡಿದಳು.

ಇದಕ್ಕೆ ಸರ್ಕಾರ ದುಡ್ಡು ಕೊಡುತ್ತದೆ. ಆರು ತುಂಬುವುದರೊಳಗೆ ಕಲಿಸಿದರೆ ಮಕ್ಕಳಿಗೆ ಬೇಗ ಹತ್ತುತ್ತದಂತೆ, ತಡವಾದರೆ ಅದೇ ಕೆಲಸ ನಾಲ್ಕು ಪಟ್ಟು ಕಷ್ಟವಂತೆ. ಇರಬಹುದು. ನಮ್ಮಜ್ಜಿಯೂ ಮೂರು ಹೊತ್ತು ಕಾಳು ಸುರಿಯುತ್ತಿದ್ದಳು, ಯಾವ ಸರ್ಕಾರವೂ ಅವಳ ಕಡೆ ತಿರುಗಿ ನೋಡಲಿಲ್ಲ.

ಹೊರಡುವಾಗ ಟೀಚರ್ ಓಡಿ ಬಂದರು. "ತಾತ, ಇವತ್ತು ಖಾಲಿ ಬಟ್ಟಲನ್ನ ನನ್ನ ಕಡೆ ತಳ್ಳಿದಳು! 'ಇನ್ನೂ ಬೇಕು' ಅಂತ. ನೋಡಿದ್ರಾ?"

ನಾನು ಆಗ ತೂಕಡಿಸುತ್ತಿದ್ದೆ. "ನೋಡಿದೆ" ಅಂದೆ.

"ನೀವೂ ಒಳಗೆ ಬಂದು ಕೂತ್ಕೊಳ್ಳಿ ಒಂದಿನ."

"ನನಗೆ ಮಂಡಿ ನೋವು. ನೆಲಕ್ಕೆ ಕೂತರೆ ಎಬ್ಬಿಸೋದಕ್ಕೆ ಜನ ಬೇಕು."

ಮಾರ್ಚ್ 14, ಶುಕ್ರವಾರ

ನಿಯಮ ಬದಲಾಗಿದೆ. ಇನ್ನು ಮೇಲೆ ಹೆಚ್ಚಿನ ಅಗತ್ಯ ಇರುವ ಮಕ್ಕಳಿಗೆ ಮಾತ್ರ ಸರ್ಕಾರದ ನೆರವು. ಯಾರ ಅಗತ್ಯ ಹೆಚ್ಚು, ಯಾರದ್ದು ಕಡಿಮೆ ಅಂತ ನೋಡಲು ಒಬ್ಬ ಅಧಿಕಾರಿ ಮನೆಮನೆಗೆ ಬಂದು ಒಂದು ಗಂಟೆ ಕೂರುತ್ತಾರಂತೆ. ಕಡಿಮೆ ಅಂತ ಬರೆದರೆ ಗುಬ್ಬಿಯ ಮಂಗಳವಾರ, ಶುಕ್ರವಾರ ಎರಡೂ ಹೋದವು. ದುಡ್ಡು ಕೊಟ್ಟು ಹೊರಗೆ ಕಲಿಸುವ ತಾಕತ್ತು ನಮಗಿಲ್ಲ. ಆರು ತುಂಬಲು ಇನ್ನು ಒಂದು ವರ್ಷವೂ ಉಳಿದಿಲ್ಲ.

"ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಬಿಟ್ಟಂಗಾಯ್ತು" ಅಂದೆ.

"ಪುಸ್ತಕದಲ್ಲಿ ಬರ್ಕೋ" ಅಂದಳು ಮಗಳು.

ಟೀಚರ್ ಹೇಳಿಕಳಿಸಿದ್ದು ಇಷ್ಟು: "ವಿಶೇಷವಾಗಿ ಏನೂ ಮಾಡ್ಬೇಡಿ. ದಿನಾ ಹೇಗಿರ್ತೀರೋ ಹಾಗೇ ಇರಿ."

ಸ್ಟುಡಿಯೋ ನಡೆಸಿದವನಿಗೆ ಹೇಳುವ ಮಾತೇ ಇದು? ದಿನಾ ಹೇಗಿರುತ್ತಾರೋ ಹಾಗೇ ಬಂದು ಕೂತವರ ಫೋಟೋವನ್ನು ಅವರ ಮನೆಯವರೇ ಗೋಡೆಗೆ ಹಾಕುವುದಿಲ್ಲ.

ಮಾರ್ಚ್ 19, ಬುಧವಾರ

ಇವತ್ತು ಉದ್ದವಾಗಿ ಬರೆಯುತ್ತೇನೆ. ಗೆದ್ದಿದ್ದೇನೆ.

ಅಧಿಕಾರಿ ನಾಳೆ ಬರಬೇಕಿತ್ತು. ಬೆಳಿಗ್ಗೆ ಫೋನ್ ಮಾಡಿ, "ಈ ಕಡೆ ಬಂದಿದೀನಿ, ಮಧ್ಯಾಹ್ನವೇ ಬಂದುಬಿಡ್ಲಾ?" ಅಂದರು. ಮಗಳು ಲ್ಯಾಬಿನಲ್ಲಿ, ಅಳಿಯ ಯಾವ ಊರಿನಲ್ಲೋ. "ಬನ್ನಿ ಬನ್ನಿ" ಅಂದೆ.

ಫೋಟೋಗೆ ಗಿರಾಕಿಯನ್ನು ಕೂರಿಸುವ ಸಿಟ್ಟಿಂಗಿನ ಹಾಗೆ ತಯಾರಿ ಶುರು ಮಾಡಿದೆ. ಮೊದಲು ಬಾಗಿಲಿನ ಬೆಲ್ಲಿನ ವೈರು ಕಿತ್ತೆ. ಬೆಲ್ಲು ಹೊಡೆದರೆ ಗುಬ್ಬಿ ಮಂಚದ ಕೆಳಗೆ ಹೋಗಿ ತನ್ನ ಮಣಿಕಟ್ಟನ್ನೇ ಕಚ್ಚಿಕೊಳ್ಳುತ್ತಾಳೆ. ಕೆಳಗಿನ ವೆಲ್ಡಿಂಗ್ ಅಂಗಡಿಯವನಿಗೆ, "ಒಂದು ಗಂಟೆ ಗ್ರೈಂಡರ್ ಮುಟ್ಟಬೇಡಪ್ಪ" ಅಂದೆ. "ಗೇಟು ಮಾಡೋಕೆ ಕೊಟ್ಟೋರು ಕಾಯ್ತಿದಾರೆ ಅಣ್ಣಾ" ಅಂದ. "ನಿನ್ನ ಮದುವೆ ಫೋಟೋದಲ್ಲಿ ನಿನಗೆ ಕೂದಲು ಬರಿಸಿದ್ದು ಯಾರು?" ಅಂದೆ. ಗ್ರೈಂಡರ್ ನಿಂತಿತು. ಮೇಲಿನ ಮನೆಯವರಿಗೆ ಕುರ್ಚಿ ಎಳೆಯಬೇಡಿ ಅಂತ ಹೇಳಿ ಬಂದೆ. ಅವರು ಮಂಚದ ಮೇಲೇ ಕೂತು ಊಟ ಮಾಡಿದರಂತೆ.

ನಮ್ಮವಳು ಸೀಟಿ ಹೊಡೆಯುವ ಕುಕ್ಕರ್ ಕಟ್ಟಿಟ್ಟು ಪಾತ್ರೆಯಲ್ಲಿ ಅನ್ನ ಬೇಯಿಸಿದಳು. ಗುಬ್ಬಿ ತಿನ್ನುವುದು ನೀಲಿ ತಟ್ಟೆಯಲ್ಲಿ ಮಾತ್ರ. ಅನ್ನ ಒಂದು ಕಡೆ, ಆಲೂಗಡ್ಡೆ ಇನ್ನೊಂದು ಕಡೆ, ಒಂದಕ್ಕೊಂದು ತಾಗಿದರೆ ತಟ್ಟೆ ಗೋಡೆಗೆ ಹೋಗುತ್ತದೆ. ಇವತ್ತು ನಡುವೆ ಒಂದು ಬೆರಳು ಜಾಗ ಬಿಟ್ಟು ಬಡಿಸಿದಳು. ಚುಚ್ಚುವ ಸೋಫಾ ಕವರು ತೆಗೆದೆವು. ಫ್ಯಾನು ಎರಡರಲ್ಲಿ. ಬಟ್ಟೆ ಕ್ಲಿಪ್ಪಿನ ಡಬ್ಬಿ ಕೈಗೆ ಸಿಗುವ ಹಾಗೆ.

ಅಧಿಕಾರಿ ಬಂದರು. ಪಾಪ, ಒಳ್ಳೆಯ ಮನುಷ್ಯ, ದೊಡ್ಡ ಚೀಲ. ಗುಬ್ಬಿ ಇಡೀ ಹೊತ್ತು ಬಟ್ಟೆ ಕ್ಲಿಪ್ಪುಗಳನ್ನು ನೆಲದ ಮೇಲೆ ಸಾಲಾಗಿ ಜೋಡಿಸಿದಳು.

"ಹೆಸರೇನು ಪುಟ್ಟ?" ಅಂದರು. ನಮ್ಮವಳು ಹೇಳಿದಳು.

"ವಯಸ್ಸೆಷ್ಟು?" ಅದನ್ನೂ ಅವಳೇ ಹೇಳಿದಳು.

"ತಾನೇ ಊಟ ಮಾಡ್ತಾಳಾ?"

"ಮಾಡ್ತಾಳಲ್ಲ! ನೀವೇ ನೋಡಿ."

ನೋಡಿದರು. ಗುಬ್ಬಿ ಒಂದು ಅಗುಳೂ ಚೆಲ್ಲದೆ ತಿಂದಳು. ಸಾಲದ್ದಕ್ಕೆ, ಹೋಗುವಾಗ ಅವರ ಚೀಲದ ಜಿಪ್ಪನ್ನು ನೋಡಲು ತಲೆ ಎತ್ತಿದಳು. ಅವರು ತಮ್ಮನ್ನೇ ನೋಡಿದಳು ಅಂದುಕೊಂಡರು. ನಾನು ತಿದ್ದಲಿಲ್ಲ. "ಚಿನ್ನದಂಥ ಮಗು" ಅಂದರು ಮೆಟ್ಟಿಲು ಇಳಿಯುತ್ತಾ.

ಇಷ್ಟು ವರ್ಷದಲ್ಲಿ ಇಂಥ ಸಿಟ್ಟಿಂಗು ನನಗೆ ಸಿಕ್ಕಿಲ್ಲ.

ಮಾರ್ಚ್ 20, ಗುರುವಾರ

ನಿನ್ನೆ ಸಂಜೆ ಮಗಳು ಬಂದಳು. ಎಲ್ಲವನ್ನೂ ಹೇಳಿದೆ, ಬೆಲ್ಲಿನ ವೈರಿನಿಂದ ಹಿಡಿದು ಚಿನ್ನದಂಥ ಮಗುವಿನವರೆಗೆ. ಅವಳು ಚಪ್ಪಲಿ ಬಿಡುತ್ತಿದ್ದವಳು ಒಂದು ಚಪ್ಪಲಿಯಲ್ಲೇ ಕೂತುಬಿಟ್ಟಳು.

"ಅಪ್ಪ. ಅವರು ಬಂದಿದ್ದು ಯಾಕೆ?"

"ಮಗು ನೋಡೋಕೆ."

"ಏನು ನೋಡೋಕೆ?"

ಉತ್ತರ ಬಾಯಿಗೆ ಬಂತು. ನುಂಗಿದೆ. ಇಲ್ಲಿ ಬರೆಯುವುದಕ್ಕೂ ಮನಸ್ಸಿಲ್ಲ.

ಏಪ್ರಿಲ್ 8, ಮಂಗಳವಾರ

ತೀರ್ಮಾನ ಬಂತು. ಮಗು ಶಾಂತವಾಗಿದೆ, ತಾನೇ ಊಟ ಮಾಡುತ್ತದೆ, ಮನೆಯ ವಾತಾವರಣ ಅನುಕೂಲಕರವಾಗಿದೆ. ಅಗತ್ಯ ಕಡಿಮೆ. ನೆರವು ನಿಲ್ಲಿಸಲಾಗಿದೆ.

"ಚಿನ್ನದಂಥ ಮಗು ಅಂದಿದ್ರಲ್ಲ ರೀ" ಅಂದಳು ನಮ್ಮವಳು.

"ಅದಕ್ಕೇ."

ಏಪ್ರಿಲ್ 11, ಶುಕ್ರವಾರ

ಶುಕ್ರವಾರ ಅಂತ ಇವಳಿಗೆ ಹೇಗೆ ಗೊತ್ತಾಗುತ್ತದೋ. ಬೂಟು ತಂದು ನನ್ನ ಮುಂದೆ ಇಟ್ಟಳು. ನಾನು ಅದನ್ನು ಗೂಡಿನಲ್ಲಿಟ್ಟೆ. ಮತ್ತೆ ತಂದಿಟ್ಟಳು.

ಸ್ಟುಡಿಯೋ ತೆರೆಯಲಿಲ್ಲ. ಹೇಗೂ ವ್ಯಾಪಾರ ಇಲ್ಲ.

ಏಪ್ರಿಲ್ 25, ಶುಕ್ರವಾರ

ಮನೆಯಲ್ಲಿ ಈಗ ಕರೆದರೆ ತಿರುಗದವರು ಇಬ್ಬರು. ಮಗಳು ಕೆಲಸಕ್ಕೆ ಹೋಗುತ್ತಾಳೆ, ಬರುತ್ತಾಳೆ, ಫೋನಿನಲ್ಲಿ ಯಾರು ಯಾರಿಗೋ ಮೇಲ್ಮನವಿಯ ವಿಷಯ ವಿಚಾರಿಸುತ್ತಾಳೆ. ನನ್ನ ಜೊತೆ ಮಾತು ಅಂದರೆ "ಉಪ್ಪು ಕೊಡು". ಬಯ್ದಿದ್ದರೆ ಎಷ್ಟೋ ವಾಸಿ. ಬಯ್ಗುಳಕ್ಕೆ ಉತ್ತರ ಕೊಡಬಹುದು, ಉಪ್ಪಿಗೆ ಏನು ಕೊಡುವುದು?

ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ ನಾನು ಒಂದು ಕೆಲಸ ಶುರು ಮಾಡಿದ್ದೇನೆ. ಎರಡು ಬಟ್ಟಲು, ಒಂದು ಹಿಡಿ ಕಾಳು. ಮಧ್ಯಾಹ್ನ ಗುಬ್ಬಿಯ ಎದುರು ಕೂತು ಸುರಿಯುತ್ತೇನೆ. ಕಾಯುತ್ತೇನೆ. ಕಾಯುವುದು ಕಷ್ಟ. ನಾನು ಗಿರಾಕಿಗೆ "ನಗಿ" ಅಂತ ಹೇಳಿ ಎಣಿಸುವ ಮೊದಲೇ ಬಟನ್ ಒತ್ತಿ ಅಭ್ಯಾಸವಾದವನು. ಸ್ವಲ್ಪ ಹೊತ್ತಿಗೆ ಬಾಯಿ ತೆರೆದುಕೊಳ್ಳುತ್ತದೆ. "ನೋಡು ಗುಬ್ಬೀ, ಕಾಳು, ಕಾಳು" ಅನ್ನುತ್ತೇನೆ. ಅವಳು ಎದ್ದು ಹೋಗುತ್ತಾಳೆ.

ಬಟ್ಟಲು ತಳ್ಳುವುದನ್ನು ಅವಳು ಬಿಟ್ಟಿದ್ದಾಳೆ. ಕೇಂದ್ರದಲ್ಲಿ ಕಲಿತದ್ದು, ನೀರು ಬೇಕಾದರೂ ಲೋಟವನ್ನು ನಮ್ಮ ಕಡೆ ತಳ್ಳುತ್ತಿದ್ದಳು. ಈಗ ಮತ್ತೆ ಮೊದಲಿನ ಹಾಗೆ ಅಡುಗೆಮನೆಯಲ್ಲಿ ನಿಂತು ಹಣೆಯನ್ನು ಗೋಡೆಗೆ ಬಡಿಯುತ್ತಾಳೆ. ಏನು ಬೇಕು ಅಂತ ನಾವು ಊಹಿಸಬೇಕು. ನೀರು ಕೊಟ್ಟರೆ ನೀರಲ್ಲ. ಬ್ರೆಡ್ಡು ಕೊಟ್ಟರೆ ಬ್ರೆಡ್ಡಲ್ಲ. ಇವತ್ತು ಅವಳಿಗೆ ಬೇಕಾಗಿದ್ದು ಏನು ಅಂತ ಕೊನೆಗೂ ಗೊತ್ತಾಗಲಿಲ್ಲ.

ಟೀಚರ್ ಮನೆಗೆ ಹೋಗುವ ದಾರಿಯಲ್ಲಿ ಬಂದು ನೋಡಿದರು. ಗೋಡೆಗೂ ಹಣೆಗೂ ನಡುವೆ ಅಂಗೈ ಇಡುವುದು ಹೇಗೆ ಅಂತ ತೋರಿಸಿದರು. ನನ್ನ ಕಾಳಿನ ಪಾಠ ನೋಡಿ, "ತಾತ, ನೀವು ಬಹಳ ಮಾತಾಡ್ತೀರಿ" ಅಂದರು.

"ಬಾಯಿದ್ದವ ಬರಗಾಲದಲ್ಲೂ ಬದುಕಿದ ಅಂತಾರಲ್ಲ ಟೀಚರ್."

"ಅವಳು ಬದುಕಬೇಕು ಅಂದ್ರೆ ನೀವು ಸುಮ್ಮನಿರ್ಬೇಕು."

"ನೀವೇ ಬಿಡುವಿದ್ದಾಗ ಬಂದು…" ಅಂದೆ.

ಅವರು ಬೂಟಿನ ದಾರ ಕಟ್ಟಿಕೊಳ್ಳುತ್ತಾ, "ನಿಮ್ಮ ಬೀದಿ ಒಂದರಲ್ಲೇ ಹೀಗೆ ಕೇಳಿದವರು ಇನ್ನೂ ಇದಾರೆ ತಾತ" ಅಂದರು. ಮತ್ತೆ ನಾನು ಕೇಳಲಿಲ್ಲ.

ಮೇ 6, ಮಂಗಳವಾರ

ಮೇಲ್ಮನವಿಗೆ ದಿನ ಕೊಟ್ಟಿದ್ದಾರೆ, ಮುಂದಿನ ಗುರುವಾರ. ಮೂವರು ಕೂತು ಕೇಳುತ್ತಾರಂತೆ. ಅವರದ್ದೇ ಕೊನೆಯ ಮಾತು.

ಅಳಿಯ ರಜೆ ಹಾಕಿ ಬಂದಿದ್ದಾನೆ. ಊಟಕ್ಕೆ ಕೂತಾಗ ಒಂದು ಉಪಾಯ ಹೇಳಿದ.

"ಮಾವ, ಅವಳನ್ನೂ ಕರ್ಕೊಂಡು ಹೋಗೋಣ. ಆಟೋ ಬೇಡ, ಬಸ್ಸಲ್ಲಿ, ಬೆಳಗಿನ ರಶ್ಶಲ್ಲಿ. ಆ ಚುಚ್ಚೋ ಸ್ವೆಟರ್ ಹಾಕೋಣ. ಅಲ್ಲಿ ಹೋಗಿ ನಿಂತ್ರೆ ಸಾಕು, ನಾವು ಬಾಯಿ ಬಿಡೋದೇ ಬೇಡ. ಅವರೇ ನೋಡ್ತಾರೆ ಅಗತ್ಯ ಹೆಚ್ಚೋ ಕಮ್ಮಿನೋ."

ಮಗಳು ತಟ್ಟೆ ನೋಡುತ್ತಿದ್ದಳು. ಬೇಡ ಅನ್ನಲಿಲ್ಲ. ಅವಳಿಗೆ ಎಷ್ಟು ದಣಿವಾಗಿದೆ ಅಂತ ನನಗೆ ಆಗ ಕಂಡಿತು.

ಉಪಾಯ ಚೆನ್ನಾಗಿದೆ. ಕೆಲಸ ಆಗುತ್ತದೆ. ಹೋದ ಸಲ ನಾನು ಮಾಡಿದ್ದನ್ನೇ ತಿರುಗಿಸಿ ಹಾಕಿದರಾಯಿತು, ಅಷ್ಟೆ.

"ಅವಳು ಬರೋದಿಲ್ಲ" ಅಂದೆ.

"ಯಾಕೆ ಮಾವ?"

"ಗುರುವಾರ ಅವಳಿಗೆ ಬೇರೆ ಕೆಲಸ ಇದೆ. ಕ್ಲಿಪ್ಪು ಜೋಡಿಸ್ಬೇಕು."

"ತಮಾಷೆ ಬಿಡಿ. ಸೋತ್ರೆ?"

"ಸೋತ್ರೆ ನಾವು ಸೋಲ್ತೀವಿ. ಅವಳನ್ನ ಅಳಿಸಿ ತೋರಿಸೋದಕ್ಕೆ ಅವಳೇನು ನನ್ನ ಸ್ಟುಡಿಯೋದ ಗೊಂಬೆಯಾ?"

ಅಳಿಯ ಕೈ ತೊಳೆಯಲು ಎದ್ದ. ನಮ್ಮವಳು, "ನಿಮಗೆ ಈಗ ಬುದ್ಧಿ ಬಂತಾ?" ಅಂದಳು. ಏನು ಬುದ್ಧಿಯೋ ಗೊತ್ತಿಲ್ಲ. ಆ ಸ್ವೆಟರನ್ನು ಅಟ್ಟದ ಮೇಲೆ ಎಸೆದು ಬಂದೆ. ಊಟ ಮುಗಿದ ಮೇಲೆ ಮಗಳು ನನಗೆ ಟೀ ತಂದುಕೊಟ್ಟಳು. ಸಕ್ಕರೆ ಹಾಕುವುದು ಮರೆತಿದ್ದಳು. ಕುಡಿದೆ.

ಮೇ 15, ಗುರುವಾರ

ಉದ್ದನೆಯ ಮೇಜು, ಅದರ ಮೇಲೆ ಗಾಜು, ಗಾಜಿನ ಕೆಳಗೆ ಹಳೆಯ ಕ್ಯಾಲೆಂಡರು. ಆ ಕಡೆ ಮೂವರು: ನಡುವೆ ಅಧ್ಯಕ್ಷೆ, ವಯಸ್ಸಾದವರು, ಕನ್ನಡಕಕ್ಕೆ ದಾರ, ಎಡಗಡೆ ಒಬ್ಬ ಡಾಕ್ಟರು, ಬಲಗಡೆ ಹಣಕಾಸು ಇಲಾಖೆಯ ಲೆಕ್ಕದವರು, ಬೂದು ಕೋಟು. ಈ ಕಡೆ ಮಗಳು, ನಾನು. ನನ್ನ ಬಾಯಿಯ ಬೀಗ ಹಾಗೇ ಇತ್ತು.

ಲೆಕ್ಕದವರು ಶುರು ಮಾಡಿದರು. "ಅಧಿಕಾರಿ ಬರೆದಿದ್ದರಲ್ಲಿ ಸುಳ್ಳೇನಾದ್ರೂ ಇದೆಯಾಮ್ಮ?"

"ಇಲ್ಲ ಸಾರ್" ಅಂದಳು ಮಗಳು.

"ಮಗು ಶಾಂತವಾಗಿತ್ತಾ?"

"ಇತ್ತಂತೆ. ನಾನು ಇರಲಿಲ್ಲ."

"ಮತ್ತೆ ಯಾರಿದ್ರು?"

ಮಗಳು ನನ್ನ ಕಡೆ ತಿರುಗಿದಳು. "ಅಪ್ಪ, ಹೇಳು."

ಎರಡು ತಿಂಗಳಿಂದ ನನಗೆ ಯಾರೂ ಆ ಮಾತು ಹೇಳಿರಲಿಲ್ಲ. ನಾನು ಗಂಟಲು ಸರಿ ಮಾಡಿಕೊಂಡೆ. ಮೊದಲು ನಮ್ಮ ಚಿಕ್ಕಪ್ಪನಿಂದ ಶುರು ಮಾಡೋಣ ಅನ್ನಿಸಿತು. ಮಾಡಲಿಲ್ಲ.

"ಅವತ್ತು ಆ ಮನೆಯಲ್ಲಿ ಯಾರು ಯಾರಿದ್ರು ಅಂತ ಹೇಳ್ತೀನಿ" ಅಂದೆ. "ಬಂದಿದ್ದ ಅಧಿಕಾರಿ ಸಾಹೇಬ್ರಿಗೆ ಕಂಡಿದ್ದು ಮಗು, ನಾನು, ನನ್ನ ಹೆಂಡತಿ. ಕಾಣದೇ ಇದ್ದವರು ಬಹಳ ಜನ. ಕೆಳಗೆ ವೆಲ್ಡಿಂಗ್‌ನವನು ಗೇಟು ಅರ್ಧಕ್ಕೆ ಬಿಟ್ಟು ಕೈಕಟ್ಟಿ ಕೂತಿದ್ದ. ಮೇಲಿನ ಮನೆಯವರು ಮಂಚದ ಮೇಲೆ ಊಟ ಮಾಡ್ತಿದ್ರು, ಕುರ್ಚಿ ಸದ್ದಾಗಬಾರದು ಅಂತ. ಬೆಲ್ಲಿನ ವೈರು ನನ್ನ ಜೇಬಲ್ಲಿತ್ತು. ಅನ್ನಕ್ಕೂ ಆಲೂಗಡ್ಡೆಗೂ ನಡುವೆ ನನ್ನ ಹೆಂಡತಿ ಬೆರಳಿಟ್ಟು ಅಳೆದಿದ್ಲು. ಇಷ್ಟೂ ಜನ ಉಸಿರು ಬಿಗಿಹಿಡಿದಿದ್ದಕ್ಕೆ ಒಂದು ಮಗು ಒಂದು ಗಂಟೆ ಶಾಂತವಾಗಿತ್ತು. ಅಧಿಕಾರಿಗಳ ತಪ್ಪಿಲ್ಲ. ಪರದೆ ಕಟ್ಟೋದು ನನ್ನ ಕಸುಬು, ಚೆನ್ನಾಗಿ ಕಟ್ಟಿದ್ದೆ."

ಡಾಕ್ಟರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು.

ಲೆಕ್ಕದವರು ಬಿಡಲಿಲ್ಲ. "ಹಾಗಾದ್ರೆ ನಿಮ್ಮಲ್ಲಿ ಅನುಕೂಲಕರ ವಾತಾವರಣ ಇದೆ ಅಂತಲೇ ಆಯ್ತಲ್ಲ ಯಜಮಾನ್ರೇ? ಹೀಗೇ ನೋಡ್ಕೊಂಡ್ರೆ ಮುಗೀತು. ನಮ್ಮ ಹತ್ರ ಇರೋದು ಒಂದು ಬಕೆಟ್ ನೀರು, ಕೈಯೊಡ್ಡಿರೋರು ಊರು ತುಂಬ."

ಮಾತು ಸುಳ್ಳಲ್ಲ. ಕೇಂದ್ರದ ಬೆಂಚಿನ ಮೇಲೆ ನನ್ನ ಪಕ್ಕ ಕೂರುವವರ ಮುಖಗಳೂ ನನಗೆ ಗೊತ್ತು.

"ಸಾರ್, ಇನ್ನು ಸ್ವಲ್ಪ ದಿನಕ್ಕೆ ಅವಳು ಶಾಲೆಗೆ ಹೋಗ್ಬೇಕು. ಅಲ್ಲಿ ಗಂಟೆ ಹೊಡೀತಾರೆ. ನಾನು ಎಷ್ಟು ಬೀದಿ ಅಂತ ನಿಲ್ಲಿಸ್ಲಿ? ಎಷ್ಟು ವರ್ಷ ನಿಲ್ಲಿಸ್ಲಿ? ನನಗೆ ಬರೋದು ಸದ್ದು ನಿಲ್ಲಿಸೋದು ಒಂದೇ. ಸದ್ದಿನಲ್ಲಿ ನಿಲ್ಲೋದನ್ನ ಅವಳಿಗೆ ಕಲಿಸೋದು ಆ ಟೀಚರಿಗೆ ಮಾತ್ರ ಬರುತ್ತೆ. ನಾನೂ ಪ್ರಯತ್ನ ಮಾಡಿದೆ. ನನ್ನಿಂದ ಆಗ್ಲಿಲ್ಲ. ಲೋಟ ತಳ್ಳೋದನ್ನ ಕಲಿತಿದ್ದಳು, ಈಗ ಅದೂ ಹೋಯ್ತು. ಗೋಡೆಗೆ ಹಣೆ ಚಚ್ಕೋತಾಳೆ. ನನ್ನ ಮೊಮ್ಮಗಳಿಗೆ ಬಾಯಾರಿಕೆ ಆದ್ರೆ ನನಗೆ ಗೊತ್ತಾಗೋದಿಲ್ಲ."

ಹೇಳಿ ಮುಗಿಸಿದೆ. ಇನ್ನೂ ಹೇಳುವುದಿತ್ತು. ಸುಮ್ಮನೆ ಕಾದೆ.

ಅಧ್ಯಕ್ಷೆ ಕನ್ನಡಕ ಇಳಿಸಿ, "ಮಗುವನ್ನ ಯಾಕೆ ಕರ್ಕೊಂಡು ಬರ್ಲಿಲ್ಲ?" ಅಂದರು.

"ಇಲ್ಲಿಗೆ ಬಂದಿದ್ರೆ ಅಳ್ತಿದ್ಲು."

"ಅತ್ತಿದ್ರೆ ನಿಮಗೇ ಅನುಕೂಲ ಆಗ್ತಿತ್ತಲ್ಲ."

"ಹೌದು" ಅಂದೆ.

ಮೂವರೂ ತಲೆ ತಗ್ಗಿಸಿ ಏನೋ ಮಾತಾಡಿಕೊಂಡರು. ಆಮೇಲೆ ಅಧ್ಯಕ್ಷೆ, "ನಾಳೆ ಬೆಳಿಗ್ಗೆ ನಾವೇ ಬರ್ತೀವಿ. ನೀವು ಏನೂ ಮಾಡಕೂಡದು. ಬೆರಳು ಕೂಡ ಅಲ್ಲಾಡಿಸಬೇಡಿ" ಅಂದರು, ನನ್ನನ್ನೇ ನೋಡಿ.

ಹೊರಗೆ ಬಂದ ಮೇಲೆ ಮಗಳು ನನ್ನ ತೋಳು ಹಿಡಿದು ಮೆಟ್ಟಿಲು ಇಳಿದಳು. ಮೆಟ್ಟಿಲು ನನಗೇನೂ ಕಷ್ಟವಿರಲಿಲ್ಲ. ಹಿಡಿಯಲಿ ಅಂತ ಸುಮ್ಮನಿದ್ದೆ.

ಮೇ 16, ಶುಕ್ರವಾರ

ಬೆಳಿಗ್ಗೆ ಮೂವರೂ ಬಂದರು. ನಾನು ಏನನ್ನೂ ಮುಟ್ಟಿರಲಿಲ್ಲ. ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತಿದ್ದೆ.

ಅವರು ಒಳಗೆ ಕಾಲಿಟ್ಟರೋ ಇಲ್ಲವೋ, ಯಾರೂ ಹೇಳಿಕಳಿಸದಿದ್ದರೂ ರಸ್ತೆ ಅಗೆಯುವವರು ಬಂದರು. ಪೈಪು ಹಾಕುತ್ತಾರಂತೆ. ನಮ್ಮ ಕಿಟಕಿಯ ಕೆಳಗೇ ಡ್ರಿಲ್ಲು ಶುರುವಾಯಿತು. ಗೋಡೆಯ ಮೇಲಿನ ಫೋಟೋಗಳು ನಡುಗಿದವು. ಗುಬ್ಬಿ ಕಿರುಚಲಿಲ್ಲ, ಅವಳು ಕಿರುಚುವುದು ಆಮೇಲೆ. ಮೊದಲು ಮಂಚದ ಕೆಳಗೆ ಹೋದಳು, ಮಣಿಕಟ್ಟು ಬಾಯಿಗಿಟ್ಟಳು.

ಎಂದಿನ ಹಾಗೆ ನಾನೂ ಮಂಚದ ಕೆಳಗೆ ಹೋದೆ. ಮಣಿಕಟ್ಟಿನ ಬದಲು ಕಚ್ಚಲು ಮಡಚಿದ ಟವೆಲು ಕೊಟ್ಟೆ, ತಗೊಂಡಳು. ನೆಲ ನಡುಗುತ್ತಿತ್ತು. ಅಲ್ಲಿಂದ ನನಗೆ ಕಾಣುತ್ತಿದ್ದುದು ಬಂದವರ ಕಾಲುಗಳು ಮಾತ್ರ. ಡಾಕ್ಟರ ಬೂಟುಗಳು ಒಂದು ಕುರ್ಚಿಯ ಹತ್ತಿರ ಹೋದವು, ಎಳೆಯದೆ ವಾಪಸ್ಸು ಬಂದವು. ಅಧ್ಯಕ್ಷೆಯ ಕಾಲುಗಳು ಮಡಚಿಕೊಂಡವು, ಆಮೇಲೆ ಅವರ ಮುಖವೇ ನೆಲದ ಮಟ್ಟಕ್ಕೆ ಬಂತು. ಗುಬ್ಬಿ ಕಿರುಚಲು ಶುರು ಮಾಡಿದ್ದಳು, ಅವರು ಏನಾದರೂ ಕೇಳಿದ್ದರೂ ಕೇಳಿಸುತ್ತಿರಲಿಲ್ಲ. ಲೆಕ್ಕದವರ ಕಾಲುಗಳು ಬಾಗಿಲ ಹತ್ತಿರ ನಿಂತಿದ್ದವು. ಆಮೇಲೆ ಅಲ್ಲಿರಲಿಲ್ಲ.

ಹೋದರು ಅಂದುಕೊಂಡೆ.

ಸ್ವಲ್ಪ ಹೊತ್ತಿಗೆ ಡ್ರಿಲ್ಲು ನಿಂತಿತು. ಗುಬ್ಬಿ ನಿಲ್ಲಲು ಇನ್ನೂ ಬಹಳ ಹೊತ್ತು ಹಿಡಿಯಿತು. ಅಧ್ಯಕ್ಷೆ ಅಷ್ಟು ಹೊತ್ತೂ ಕೆನ್ನೆಯನ್ನು ನೆಲಕ್ಕೆ ಊರಿಕೊಂಡೇ ಇದ್ದರು.

ಎದ್ದ ಮೇಲೆ ಸೀರೆ ಕೊಡವಿಕೊಂಡು ಮಗಳಿಗೆ, "ಆರು ತುಂಬೋವರೆಗೂ ಮುಂದುವರೀಲಿ ಅಂತ ಬರೀತೀವಮ್ಮ. ಆ ಟೀಚರಿಗೆ ಇವತ್ತೇ ಫೋನ್ ಮಾಡಿ" ಅಂದರು. ಮಗಳು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದಳು. ಪಾತ್ರೆಗಳೆಲ್ಲ ತೊಳೆದೇ ಇದ್ದವು.

"ಲೆಕ್ಕದವರೂ ಸಹಿ ಹಾಕ್ಬೇಕಲ್ವಾ?" ಅಂದೆ.

"ಅವರೆಲ್ಲಿ?" ಅಂದರು ಡಾಕ್ಟರು.

ಕಿಟಕಿಯಿಂದ ಇಣುಕಿದೆವು. ಕೆಳಗೆ ರಸ್ತೆ ಕೆಲಸದವರೆಲ್ಲ ಗೋಡೆ ನೆರಳಿನಲ್ಲಿ ನಿಂತು ಬೀಡಿ ಸೇದುತ್ತಿದ್ದರು. ಲೆಕ್ಕದವರು ಬೂದು ಕೋಟು ಬಿಚ್ಚಿ ಮಡಚಿ ತೊಡೆಯ ಮೇಲಿಟ್ಟುಕೊಂಡು, ಯಾರೂ ಮತ್ತೆ ಶುರು ಮಾಡದ ಹಾಗೆ, ಡ್ರಿಲ್ಲಿನ ಕಂಪ್ರೆಸರ್ ಮೇಲೆ ಕೂತಿದ್ದರು.